ಹೊರಗಿನ ಅಗುಳಿ

ಜೂನ್ 4, ಬುಧವಾರ

ಮಗ ಇವತ್ತು ನಾಯಿಯನ್ನು ಕೊಂದ. ಹೊತ್ತು ಇಳಿಯುವ ಸಮಯ. ಅವನು ನಮ್ಮ ಮರಗೆಲಸದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ. ನಾಯಿ ಹಿಂದಿನಿಂದ ಹೋಗಿ ಅವನ ಕುತ್ತಿಗೆ ಮೂಸಿತು, ಅಷ್ಟೇ. ಬೊಗಳಲೂ ಇಲ್ಲ. ತಿರುಗಿದವನೇ ಅದರ ಹಿಂಗಾಲು ಹಿಡಿದು ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದ, ಒದ್ದೆ ಬಟ್ಟೆ ಒಗೆದ ಹಾಗೆ. ಸತ್ತ ಮೇಲೂ ಬಿಡಲಿಲ್ಲ. ಆಮೇಲೆ ತನ್ನ ಕೈ ನೋಡಿಕೊಂಡು, "ಅಮ್ಮಾ, ಇದಕ್ಕೆ ಏನಾಯ್ತು?" ಎಂದು ನನ್ನನ್ನೇ ಕೇಳಿದ.

ನಮ್ಮ ಮೇಸ್ತ್ರಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಿತ್ತಲಲ್ಲಿ ಹೂತ. ಮೆಟ್ಟಿಲನ್ನು ನಾನು ತೊಳೆದೆ. ಮೊಮ್ಮಗಳು ಪುಟ್ಟಿಗೆ ನಾಯಿ ಓಡಿಹೋಯಿತು ಎಂದಿದ್ದೇವೆ. ಸುಳ್ಳು ಹೇಳಿದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಿದ್ದೇನೆ.

ಅವನು ಯುದ್ಧದಿಂದ ಮರಳಿ ನಾಲ್ಕು ತಿಂಗಳಾಯಿತು. ಮೊಳೆ ಹೊಡೆದ ಸದ್ದಿಗೆ ಮೇಜಿನ ಕೆಳಗೆ ನುಗ್ಗುತ್ತಾನೆಂದು ಅಂಗಡಿಯಲ್ಲಿ ಈಗ ಸುತ್ತಿಗೆ ಮುಟ್ಟುವುದಿಲ್ಲ, ಎಲ್ಲದಕ್ಕೂ ಸ್ಕ್ರೂ. ಆಸ್ಪತ್ರೆಯವರು ಕೊಟ್ಟ ಮಾತ್ರೆ ನುಂಗಿದರೆ ನಾಲಿಗೆ ಮರಗಟ್ಟುತ್ತದೆ ಎಂದು ಎಸೆದುಬಿಟ್ಟ. ಹಗಲು ಹೇಗೋ ಕಳೆಯುತ್ತದೆ. ಸಂಜೆಯಾಗುತ್ತಿದ್ದಂತೆ ಅವನ ಕಣ್ಣು ಬೇರೆಯವರ ಕಣ್ಣಾಗುತ್ತದೆ.

ಮೆಟ್ಟಿಲು ತಿಕ್ಕುವಾಗ ಅಜ್ಜನ ನೆನಪಾಯಿತು. ನನ್ನ ಅಪ್ಪನ ಅಪ್ಪ. ಅವನೂ ಆ ಕಾಲದ ದೊಡ್ಡ ಯುದ್ಧಕ್ಕೆ ಹೋಗಿ ಬಂದವನೇ. ಅವನ ಪದಕ ನನ್ನ ದೇವರ ಗೂಡಿನಲ್ಲೇ ಇದೆ. ವಾರಕ್ಕೊಮ್ಮೆ ಉಜ್ಜುತ್ತೇನೆ. ಬಂದ ಮೇಲೆ ಅವನು ಇರುವೆಯನ್ನೂ ತುಳಿದವನಲ್ಲ ಎಂದು ನಮ್ಮ ಮನೆಯಲ್ಲಿ ಮಾತು. ಬಡಗಿ ಕೆಲಸ ಹಿಡಿದ, ಬಾಗಿಲು ಮಾಡುವುದರಲ್ಲಿ ಹೆಸರು ಮಾಡಿದ. ದಿನಾ ಸಂಜೆ ಹಿಂದಿನ ಕೋಣೆಗೆ ಹೋಗಿ ಪ್ರಾರ್ಥನೆಗೆ ಕೂರುತ್ತಿದ್ದ. ಯಾರೂ ಅಡ್ಡಿ ಮಾಡದಿರಲಿ ಎಂದು ಅಜ್ಜಿ ಹೊರಗಿನಿಂದ ಅಗುಳಿ ಹಾಕುತ್ತಿದ್ದಳು. ನಾನು ಚಿಕ್ಕವಳಿದ್ದಾಗಲೇ ಅವನು ತೀರಿಕೊಂಡ. ನನಗೆ ನೆನಪಿರುವುದು ಮರದ ಪುಡಿ ವಾಸನೆಯ ಅಂಗೈ ಮಾತ್ರ. ಸಂಜೆಯ ಮೇಲೆ ಅವನನ್ನು ನೋಡಿದ ನೆನಪೇ ಇಲ್ಲ.

ಆ ಪ್ರಾರ್ಥನೆ ಯಾವುದು ಎಂದು ತಿಳಿದರೆ ನನ್ನ ಮಗನಿಗೂ ಹೇಳಿಕೊಡಬಹುದು. ಅಜ್ಜನ ಬದುಕು ಹೇಗಿತ್ತೆಂದು ಕೇಳಿ ತಿಳಿದು, ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತೇನೆ. ಓದಿದ್ದು ಏಳನೇ ಕ್ಲಾಸು. ದೇವರು ತಪ್ಪು ತಿದ್ದಿಕೊಂಡು ಓದಲಿ.

ಜೂನ್ 6, ಶುಕ್ರವಾರ

ಪುಟ್ಟಿಗೆ ಐದು ವರ್ಷ. ಸಂಜೆ ಅವಳ ಅಪ್ಪ ಕೈಕಾಲು ತೊಳೆದು ಸ್ಟೂಲಿನ ಮೇಲೆ ಕುಳಿತಿದ್ದ. ಇವಳು ಬೆಕ್ಕಿನ ಹೆಜ್ಜೆ ಹಾಕಿ ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವನ ಕಣ್ಣು ಮುಚ್ಚಿ, "ಯಾರು ಹೇಳು?" ಎಂದಳು. ಮಾತು ಮುಗಿಯುವ ಮೊದಲೇ ಮಗು ಗಾಳಿಯಲ್ಲಿತ್ತು. ಕೆಲಸದ ಮೇಜಿನ ಮೂಲೆಗೆ ಹಣೆ ಬಡಿಯಿತು, ಮಡಕೆ ಬಿರಿದ ಸದ್ದು. ಹುಬ್ಬಿನ ಮೇಲೆ ಚರ್ಮ ಬಾಯಿಬಿಟ್ಟು ಒಳಗಿನ ಬಿಳುಪು ಕಾಣಿಸಿತು. ಅವನು ಮತ್ತೆ ಅವಳ ಮೇಲೆ ಹೋಗುತ್ತಿದ್ದ. ಮೇಸ್ತ್ರಿ ಅಡ್ಡ ಬಂದು ಎದೆಗೆ ಒದೆ ತಿಂದ.

ನಮ್ಮ ಮನೆಯಲ್ಲಿ ಕಣ್ಣು ಮುಚ್ಚುವ ಆಟ ಆಡಬಾರದು. ಅಜ್ಜನ ಕಾಲದ ಕಟ್ಟಳೆ. ನನ್ನ ಅಪ್ಪ ನನಗೆ ಬೆತ್ತ ತೋರಿಸಿದ್ದು ಒಂದೇ ಸಲ, ಅದೂ ಇದಕ್ಕೇ. ಸೊಸೆಗೆ ಹೇಳಿದೆ, "ಈ ಮನೇಲಿ ಆ ಆಟ ಇಲ್ಲ ಅಂತ ಮಗೂಗೆ ಕಲಿಸಬೇಕಿತ್ತು ನೀನು."

ಅವಳು ರಕ್ತದ ಬಟ್ಟೆ ಹಿಂಡುತ್ತಾ, "ಆಟದ್ದಾ ತಪ್ಪು, ಅತ್ತೆ?" ಎಂದಳು. ಎದುರು ಮಾತಾಡುವುದನ್ನು ಇತ್ತೀಚೆಗೆ ಕಲಿತಿದ್ದಾಳೆ.

ಆಮೇಲೆ ಇನ್ನೊಂದು ಕೇಳಿದಳು. "ಹಿಂದಿನ ಕೋಣೆ ಬಾಗಿಲಿಗೆ ಒಳಗಡೆ ಒಂದು ಚಿಲಕ ಹಾಕ್ಸಿಕೊಡಿ. ಅವರಿಗೆ ಹಾಗಾದಾಗ ನಾನೂ ಮಗೂನೂ ಅಲ್ಲಾದ್ರೂ ಸೇರ್ಕೋತೀವಿ."

ನಾನು ಒಪ್ಪಲಿಲ್ಲ. ನಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಡಿಕೊಡುವ ಬಾಗಿಲುಗಳಲ್ಲೂ ಹಿಂದಿನ ಕೋಣೆಯ ಅಗುಳಿ ಹೊರಗೇ. ಅದು ಅಜ್ಜ ಹಾಕಿಕೊಟ್ಟ ಪದ್ಧತಿ, ನಮ್ಮ ಕೆಲಸದ ಗುರುತು. "ಏನು, ಹೆಂಡ್ತೀನ ಕೂಡಿಹಾಕೋಕಾ?" ಎಂದು ಗಿರಾಕಿಗಳು ನಗುತ್ತಾರೆ. "ಗಂಡನೂ ಹಿಡಿಸ್ತಾನೆ ಸ್ವಾಮಿ, ಅಳತೆ ನೋಡೇ ಮಾಡಿದ್ದೀವಿ" ಎಂದು ಮೇಸ್ತ್ರಿ ಹೇಳುವುದುಂಟು. ಅಜ್ಜನಂತೆ ನಾನೂ ಹಿಂದಿನ ಕೋಣೆಯಲ್ಲೇ ಪ್ರಾರ್ಥನೆಗೆ ಕೂರುವುದು. ಅದರ ಬಾಗಿಲಿಗೆ ಕೈ ಹಾಕಲಾರೆ. "ತಾಳಿದವರು ಬಾಳಿಯಾರು" ಎಂದು ಸೊಸೆಗೆ ಹೇಳಿದೆ.

ಜೂನ್ 8, ಭಾನುವಾರ

ಅಜ್ಜನ ಮಕ್ಕಳಲ್ಲಿ ಉಳಿದಿರುವುದು ಗಿರಣಿ ಅತ್ತೆ ಒಬ್ಬಳೇ, ನನ್ನ ಅಪ್ಪನ ಅಕ್ಕ. ಎಂಬತ್ತು ದಾಟಿ ಎಷ್ಟೋ ಆಯಿತು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಇದ್ದಾಳೆ, ಗಿರಣಿ ಮೊಮ್ಮಗನದು. ಕೆಳಗೆ ಯಂತ್ರ ಓಡುವಾಗ ಮಂಚ, ಲೋಟ, ಅತ್ತೆಯ ಗಲ್ಲ ಎಲ್ಲ ಒಟ್ಟಿಗೇ ನಡುಗುತ್ತವೆ. ಹುಬ್ಬಿನ ಮೇಲೆಲ್ಲ ಹಿಟ್ಟು.

"ಬಾರೆ ಹುಡುಗಿ, ಮದುವೆ ಆಯ್ತಾ?" ಎಂದಳು.

"ಅತ್ತೆ, ನನಗೆ ಐವತ್ತು. ಗಂಡ ಹೋಗಿ ಒಂಬತ್ತು ವರ್ಷ ಆಯ್ತು."

"ಗೊತ್ತು ಕಣೆ. ಮುದುಕಿಗೆ ಅರಳು ಮರಳಾಗಿದೆಯಾ ನೋಡೋಣ ಅಂತ ಬಂದಿರ್ತೀಯಲ್ಲ, ಬಂದವರಿಗೆ ಯಾಕೆ ನಿರಾಸೆ ಮಾಡ್ಲಿ ಅಂತ."

ಅಜ್ಜನ ಪ್ರಾರ್ಥನೆ ಯಾವುದು ಎಂದು ಕೇಳಿದೆ. ಅವಳ ನಗು ನಿಂತಿತು.

"ಯಾವ ಪ್ರಾರ್ಥನೆ?"

"ದಿನಾ ಸಂಜೆ ಮಾಡ್ತಿದ್ರಲ್ಲ, ಹಿಂದಿನ ಕೋಣೇಲಿ."

"ನಿನ್ನಪ್ಪ ಹಾಗೆ ಹೇಳಿದ್ನಾ ನಿನಗೆ?"

"ಹೌದು."

"ಹೇಳಿದ್ರೆ ಹಾಗೇ ಇರ್ಲಿ ಬಿಡು. ಸತ್ತವನ ಮಾತು ಯಾಕೆ ಸುಳ್ಳು ಮಾಡ್ಲಿ." ಗೋಡೆಯ ಕಡೆ ಹೊರಳಿದಳು. ನಾನು ಮೆಟ್ಟಿಲಿಳಿಯುವಾಗ ಗಿರಣಿ ಸದ್ದಿನ ಮೇಲೆ ಕೂಗಿ ಕೇಳಿದಳು, "ನಿನ್ನ ಮಗ ಯಾರ ಮೇಲಾದ್ರೂ ಕೈ ಮಾಡಿದ್ನಾ?"

"ನಾಯಿ ಮೇಲೆ. ಅಷ್ಟೇ," ಎಂದು ನಾನೂ ಕೂಗಿದೆ.

ಜೂನ್ 11, ಬುಧವಾರ

ಸಂಜೆ ಅವನು ಸೊಸೆಯ ಕೂದಲು ಹಿಡಿದು ತಲೆಯನ್ನು ನೀರಿನ ತೊಟ್ಟಿಯೊಳಗೆ ಅದುಮಿದ್ದ. ಏನೋ ಪ್ರಶ್ನೆ ಕೇಳುತ್ತಿದ್ದ, ಎಷ್ಟು ಜನ ಇದ್ದೀರಿ, ಎಲ್ಲಿದ್ದೀರಿ ಎಂದು. ಅವಳು ಹೇಗೋ ಕೊಸರಿಕೊಂಡು ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು. ಒಳಗೆ ಚಿಲಕವಿಲ್ಲವಲ್ಲ, ಬೆನ್ನನ್ನೇ ಬಾಗಿಲಿಗೆ ಕೊಟ್ಟು ಎದುರಿನ ಪೆಟ್ಟಿಗೆಗೆ ಕಾಲು ಒತ್ತಿ ಕುಳಿತಿದ್ದಳಂತೆ. ಅವನು ಗುದ್ದಿದ, ಒದ್ದ. ಆಮೇಲೆ ತಣ್ಣಗಾಗಿ ಅತ್ತ. "ದೇವರಾಣೆ ಏನೂ ಮಾಡಲ್ಲ, ಅಮ್ಮಾ. ಕ್ಷಮೆ ಕೇಳಬೇಕು ಅಷ್ಟೇ. ನೀನೇ ಹೇಳು ಅವಳಿಗೆ."

ದೇವರ ಹೆಸರು ಹೇಳಿದ ಮೇಲೆ ನಾನು ಇಲ್ಲ ಎನ್ನುವುದು ಹೇಗೆ? ಬಾಗಿಲ ಹತ್ತಿರ ಹೋಗಿ, "ದೇವರ ಮೇಲೆ ಆಣೆ ಇಟ್ಟಿದ್ದಾನಮ್ಮ, ತೆಗಿ" ಎಂದೆ. ಅವಳು "ಬೇಡ ಅತ್ತೆ, ಬೇಡ ಅತ್ತೆ" ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ದೇವರಿಗಿಂತ ನೀನು ದೊಡ್ಡವಳಾ ಎಂದು ಗದರಿದೆ. ಅವಳು ಕಾಲು ತೆಗೆದಳು.

ಹಸಿ ಮರದ ಕೊಂಬೆ ಮುರಿದ ಸದ್ದು ಕೇಳಿಸಿತು.

ಜೂನ್ 12, ಗುರುವಾರ

ಎಡಗೈ ಎರಡು ಕಡೆ ಮುರಿದಿದೆ. ಆಸ್ಪತ್ರೆಯಲ್ಲಿ ಕೇಳಿದರು. ಏಣಿಯಿಂದ ಬಿದ್ದಳು ಎಂದು ನಾನೇ ಹೇಳಿದೆ. ಸೊಸೆ ನನ್ನ ಮುಖ ನೋಡಿದಳು.

ಇವತ್ತು ಪ್ರಾರ್ಥನೆಗೆ ಕುಳಿತರೂ ಮಾತು ಬರಲಿಲ್ಲ.

ಜೂನ್ 15, ಭಾನುವಾರ

ಗಿರಣಿ ಅತ್ತೆ ಬಾಯಿ ಬಿಡುವವಳಲ್ಲ. ಅಜ್ಜ ಇದ್ದ ಮನೆಯನ್ನಾದರೂ ನೋಡೋಣ ಎಂದು ಕೆಳಗಿನ ಬೀದಿಗೆ ಹೋದೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಅದನ್ನು ಮಾರಿ, ನಾನೀಗ ಇರುವ ಮನೆಯನ್ನೂ ಅಂಗಡಿಯನ್ನೂ ಕಟ್ಟಿ ನನಗೆ ಬಿಟ್ಟುಹೋದ. ಈಗ ಗುಜರಿ ಅಂಗಡಿ. ಹೊಟ್ಟೆ ಕಿತ್ತ ಫ್ರಿಜ್ಜು, ತುಕ್ಕು ಹಿಡಿದ ಮಂಚಗಳ ರಾಶಿ. ಗುಜರಿಯವ ಟೀ ಕುಡಿಯುತ್ತ, "ನೋಡಿ ತಾಯಿ, ನೋಡೋಕೆ ದುಡ್ಡಿಲ್ಲ. ನಿಮ್ಮಜ್ಜ ಬಂಗಾರ ಹೂತಿದ್ರೆ ಮಾತ್ರ ಅರ್ಧ ನಂದು" ಎಂದ.

ಹಿಂದಿನ ಕೋಣೆಯ ಬಾಗಿಲು ಹಾಗೇ ಇದೆ. ಎರಡು ಪದರ ಹಲಗೆ, ನಡುವೆ ಕಬ್ಬಿಣದ ಪಟ್ಟಿ. ಕಾರಾಗೃಹಕ್ಕೂ ಅಷ್ಟು ದಪ್ಪದ ಬಾಗಿಲು ಇರಲಿಕ್ಕಿಲ್ಲ. ಹೊರಗಡೆ ತೊಡೆ ಗಾತ್ರದ ಮರದ ಅಗುಳಿ. ಬಾಗಿಲ ಹೊರಮೈ ಇವತ್ತಿಗೂ ಕನ್ನಡಿಯ ಹಾಗಿದೆ.

ಒಳಗೆ ಹೋಗಿ ಅಂಗೈ ಸವರಿದೆ. ನನ್ನದು ಪಾಲಿಶ್ ಕೆಲಸ. ಮದುವೆಗೆ ಮೊದಲಿನಿಂದಲೂ ಮರ ತಿಕ್ಕಿ ಅರಗು ಹಚ್ಚಿದವಳು, ಮರದ ಮೇಲೆ ಏನಾಗಿದೆ ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಒಳಮೈ ತುಂಬ ಗೀರು. ಉಗುರಿನವು, ನಾಲ್ಕು ನಾಲ್ಕು ಸಾಲು. ಗೀರಿಗೆ ಮರದ ಪುಡಿ, ಮೇಣ ಕಲಸಿ ತುಂಬಿ ತಿಕ್ಕಿದ್ದಾರೆ. ಅದರ ಮೇಲೆ ಮತ್ತೆ ಗೀರು, ಮತ್ತೆ ಮೇಣ. ಅಡ್ಡಪಟ್ಟಿಯ ಅಂಚಿನಲ್ಲಿ ಹಲ್ಲಿನ ಗುರುತು. ನನ್ನ ಹಣೆಗಿಂತ ಸ್ವಲ್ಪ ಮೇಲೆ ಮುಷ್ಟಿಯಷ್ಟು ಅಗಲದ ಕುಳಿ, ಅದರ ನಾರಿನೊಳಗೆ ಕಪ್ಪು ಇಳಿದಿದೆ. ಎಷ್ಟು ತಿಕ್ಕಿದರೂ ಹೋಗದ ಕಪ್ಪು. ರಕ್ತ ಕುಡಿದ ಮರ ಹಾಗಾಗುತ್ತದೆ. ಮೊನ್ನೆ ಮೇಜಿನ ಮೂಲೆಯಲ್ಲಿ ನೋಡಿದ್ದೇನೆ.

"ಏನು ತಾಯಿ, ಇದರೊಳಗೆ ಕರಡಿ ಸಾಕಿದ್ರಾ?" ಎಂದ ಗುಜರಿಯವ.

"ನಮ್ಮಜ್ಜ ಪ್ರಾರ್ಥನೆ ಮಾಡ್ತಿದ್ದ ಕೋಣೆ," ಎಂದೆ.

ಅವನು ಬಾಗಿಲು ನೋಡಿದ, ನನ್ನನ್ನು ನೋಡಿದ, ಟೀ ಲೋಟ ಕೆಳಗಿಟ್ಟ. ತಮಾಷೆ ನಿಲ್ಲಿಸಿದ.

ಜೂನ್ 17, ಮಂಗಳವಾರ

ಗಿರಣಿ ಅತ್ತೆಯ ಕೈ ಹಿಡಿದು ಎಲ್ಲ ಹೇಳಿದೆ. ನಾಯಿ, ಪುಟ್ಟಿಯ ಹಣೆ, ಸೊಸೆಯ ಕೈ, ಬಾಗಿಲ ಗೀರು. ಅವಳು ಕಿಟಕಿಯಿಂದ ಬಗ್ಗಿ, "ನಿಲ್ಸೋ ಯಂತ್ರ!" ಎಂದು ಮೊಮ್ಮಗನಿಗೆ ಕೂಗಿದಳು. ಕೆಳಗೆ ಹಿಟ್ಟಿಗೆ ಬಂದವರು ಗೊಣಗಿದರು. ಯಂತ್ರ ನಿಂತಿತು. ಆ ಕೋಣೆ ನಡುಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೊರಗೆ ಅಗುಳಿ ಹಾಕಿದ್ರೆ ಹೊರಗಿನವರು ಒಳಗೆ ಬರದೇ ಇರ್ತಾರಾ? ಬಡಗಿ ಮನೆ ಮಗಳು ನೀನು. ಒಂದು ದಿನಾನೂ ತಲೆಗೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ.

"ಆ ಪದಕ ಯಾಕೆ ಕೊಟ್ರು ಗೊತ್ತಾ ಅವನಿಗೆ? ಸಂಜೆ ಹೊತ್ತು, ಬೆಳಕೂ ಅಲ್ಲ ಕತ್ತಲೂ ಅಲ್ಲ ಅನ್ನೋವಾಗ, ಹೊಟ್ಟೆ ಮೇಲೆ ತೆವಳ್ಕೊಂಡು ಹೋಗಿ ಆ ಕಡೆ ಕಾವಲಿನವರನ್ನ ಹಿಂದಿನಿಂದ ಹಿಡಿಯೋದು. ಎಡಗೈಲಿ ಮುಖ ಮುಚ್ಚೋದು, ಬಲಗೈಲಿ ಕುತ್ತಿಗೆ ಕೊಯ್ಯೋದು. ಸದ್ದಾಗಬಾರದು. ಇವನಷ್ಟು ಚೆನ್ನಾಗಿ ಯಾರೂ ಮಾಡ್ತಿರ್ಲಿಲ್ವಂತೆ. ಸಾಯೋಕೆ ಮುಂಚೆ ನನ್ನ ಹತ್ರ ಹೇಳಿದ. ಒಬ್ಬನ ಬಾಯೊಳಗೆ ಊಟದ ತುತ್ತು ಇನ್ನೂ ಬಿಸಿ ಇತ್ತು, ನನ್ನ ಅಂಗೈಗೆ ಬಂತು ಅಂದ."

ಅತ್ತೆ ನೀರು ಕುಡಿದಳು.

"ಬಂದು ಐದಾರು ತಿಂಗಳಾಗಿತ್ತು. ಅಂಗಳದಲ್ಲಿ ಕೂತು ಸ್ಟೂಲಿನ ಕಾಲು ಕೆತ್ತುತ್ತಿದ್ದ, ಕೈಯಲ್ಲಿ ಉಳಿ. ಸಂಜೆ. ನಾನೂ ತಮ್ಮನೂ ಆಡ್ತಿದ್ವಿ."

"ಅಪ್ಪನಾ?"

"ನಿನ್ನಪ್ಪ ಇನ್ನೂ ಹೊಟ್ಟೇಲಿದ್ದ. ಅವನಿಗಿಂತ ಮುಂಚೆ ಒಬ್ಬ ಇದ್ದ. ಆರು ವರ್ಷದವನು. ಹಲ್ಲು ಬಿದ್ದು ಬಾಯಿ ಕಿಂಡಿ."

ನನಗೊಬ್ಬ ದೊಡ್ಡಪ್ಪ ಇದ್ದನೆಂದು ಯಾರೂ ಹೇಳಿರಲಿಲ್ಲ.

"ಓಡಿಹೋಗಿ ಹಿಂದಿನಿಂದ ಅಪ್ಪನ ಕಣ್ಣು ಮುಚ್ಚಿದ. 'ಯಾರು ಹೇಳು' ಅಂದ." ಅತ್ತೆ ತನ್ನ ಗಂಟಲ ಗುಳಿಗೆ ಬೆರಳು ಒತ್ತಿದಳು. "ಉಳಿ ಇಲ್ಲಿ ಹೋಯ್ತು. ಹಿಡಿ ತನಕ. ಅವನು ಬೀಳೋವಾಗಲೂ ನಗ್ತಾನೇ ಇದ್ದ ಕಣೆ. ಅದೂ ಆಟ ಅಂದ್ಕೊಂಡಿದ್ದ."

ನಾನು ದೇವರ ಹೆಸರು ಹೇಳಿದೆ ಅನಿಸುತ್ತದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ.

"ಜ್ವರ ಬಂದು ಹೋದ ಅಂತ ಹೇಳಿದ್ರು. ಗೆದ್ದು ಬಂದವನ ಮನೆಗೆ ಬಂದು ಜ್ವರ ಮುಟ್ಟಿ ನೋಡೋರು ಯಾರು? ಮಣ್ಣು ಮಾಡಿ ಬಂದು ಅಪ್ಪ ಊಟ ಮಾಡ್ಲಿಲ್ಲ, ಮಾತಾಡ್ಲಿಲ್ಲ. ಹಲಗೆ ತಂದ. ಬಾಗಿಲು ಮಾಡಿದ. ಅವನು ಮಾಡಿದ ಮೊದಲನೇ ಬಾಗಿಲು ಅದೇ. ಅಗುಳಿ ಹೊರಗೆ ಕೂರಿಸಿ ನಮ್ಮಮ್ಮನ್ನ ಕರೆದು ಅಂದ, 'ಹೊತ್ತು ಇಳಿಯೋಕೆ ಮುಂಚೆ ನನ್ನ ಒಳಗೆ ಹಾಕು. ಬೆಳಕಾಗೋ ತನಕ ತೆಗೀಬೇಡ. ನಾನು ಅತ್ರೂ ತೆಗೀಬೇಡ. ದೇವರ ಹೆಸರು ಹೇಳಿದ್ರೂ ತೆಗೀಬೇಡ.'"

"ಅಜ್ಜಿ ತೆಗೀಲೇ ಇಲ್ವಾ?"

"ಒಂದು ಸಲ ತೆಗೆದ್ಲು. ದೇವರ ಹೆಸರು ಹೇಳಿ ಅತ್ತ, ಅದಕ್ಕೇ ತೆಗೆದ್ಲು. ಅವಳ ದವಡೆ ಓರೆ ಆಗಿತ್ತಲ್ಲ, ಯಾಕೆ ಅಂತ ಹೇಳಿದ್ರು ನಿಮಗೆ?"

"ಏಣಿಯಿಂದ ಬಿದ್ದಿದ್ದು ಅಂತ."

"ಹ್ಞೂಂ. ಈ ಮನೇಲಿ ಹೆಂಗಸರೆಲ್ಲ ಏಣಿಯಿಂದಲೇ ಬೀಳೋದು." ಮುದುಕಿ ನಕ್ಕಳು. ನನಗೆ ಮುಖ ಎತ್ತಲಾಗಲಿಲ್ಲ.

"ಅವರು ಪ್ರಾರ್ಥನೆ ಮಾಡ್ತಾನೇ ಇರ್ಲಿಲ್ವಾ, ಅತ್ತೆ?" ಎಂದು ಕೇಳಿದೆ. ಅದನ್ನಾದರೂ ಮನೆಗೆ ಒಯ್ಯೋಣ ಎಂದು.

"ಮಾಡ್ತಿದ್ದ. ತೆಗಿ ತೆಗಿ ಅನ್ನೋದು ಅವನ ಪ್ರಾರ್ಥನೆ. ತೆಗೀದೇ ಇರೋದು ನಮ್ಮಮ್ಮನ ಪ್ರಾರ್ಥನೆ. ಬೆಳಗಾದ್ರೆ ಹೊರಗೆ ಬಂದು ಮೇಣ ಕಲಸಿ ಗೀರು ಮುಚ್ಚೋನು, ಕೆಲಸಕ್ಕೆ ಕೂರೋನು. ಹಗಲು ಅಂಥ ಮನುಷ್ಯ ಇನ್ನೊಬ್ಬ ಇರ್ಲಿಲ್ಲ. ಅದೂ ನಿಜ. ಅವನು ಸಾಯೋ ತನಕ ಹೀಗೇ. ಆಮೇಲೆ ನಿನ್ನಪ್ಪ ಹೊಸ ಮನೆಗೂ ಅದೇ ಅಗುಳಿ ಹಾಕಿದ. ಯಾಕೆ ಅಂತ ಹೇಳೋ ಧೈರ್ಯ ಇರ್ಲಿಲ್ಲ, ಪ್ರಾರ್ಥನೆ ಅಂದ."

"ತಾಳಿದವರು ಬಾಳಿಯಾರು ಅಂತ ನಾನು ಅವಳಿಗೆ..."

"ತಾಳಿದವರೆಲ್ಲ ಮಣ್ಣಲ್ಲಿದ್ದಾರೆ ಕಣೆ. ಆ ಕೋಣೆ ಇರೋದು ಅವನಿಗೆ. ನೀನು ಅದರೊಳಗೆ ಆ ಹುಡುಗೀನ ಹಾಕಿದೆ."

ಕಿಟಕಿಗೆ ಬಗ್ಗಿ, "ಹಾಕೋ ಯಂತ್ರ!" ಎಂದು ಕೂಗಿದಳು. ಮತ್ತೆ ಎಲ್ಲ ನಡುಗತೊಡಗಿತು.

ಜೂನ್ 18, ಬುಧವಾರ

ಬೆಳಿಗ್ಗೆ, ಅವನು ಮಲಗಿದ್ದಾಗ, ಸೊಸೆಯನ್ನೂ ಪುಟ್ಟಿಯನ್ನೂ ಬಸ್ಸಿಗೆ ಹತ್ತಿಸಿದೆ. ಅವಳ ತವರಿಗೆ ನಾಲ್ಕು ತಾಸು ದಾರಿ. ಒಂದೇ ಕೈಯಲ್ಲಿ ಮಗು, ಚೀಲ ಎರಡೂ ಆಗುವುದಿಲ್ಲವೆಂದು ಕಂಡಕ್ಟರಿಗೆ ಹೇಳಿ ಚೀಲ ಒಳಗಿಡಿಸಿದೆ. ಅವಳು ಕಿಟಕಿಯಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದಳು. ನಂಬಿಕೆ ಬಂದಿರಲಿಲ್ಲ, ಇನ್ನೇನು ಇಳಿ ಎನ್ನುತ್ತೇನೆ ಎಂದೇ ಕಾಯುತ್ತಿದ್ದಳು.

"ಅವನು ಬಂದು ಕರೆದ್ರೂ ಬರಬೇಡ," ಎಂದೆ. "ನಾನೇ ಬಂದು ಕರೆದ್ರೂ ಬರಬೇಡ. ದೇವರ ಹೆಸರು ಹೇಳಿ ಕರೆದ್ರೂ ಬರಬೇಡ, ಮಗಳೇ."

ಪುಟ್ಟಿ, "ಅಜ್ಜಿ, ನಾಯಿ ಸಿಕ್ಕಿದ್ರೆ ಫೋನ್ ಮಾಡು" ಎಂದಳು. ಅದು ಸತ್ತುಹೋಯಿತು ಪುಟ್ಟಿ ಎಂದು ಹೇಳಿದೆ. ಬಸ್ಸು ಹೊರಟಿತು.

ಜೂನ್ 19, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಬಸ್ಸಿನ ವಿಷಯವನ್ನೂ ಇವತ್ತೇ ಬರೆದು ನಿನ್ನೆಯ ದಿನ ಹಾಕಿದ್ದೇನೆ.

ಬಸ್ಸಿನಿಂದ ಬಂದವಳೇ ನಾನೂ ಮೇಸ್ತ್ರಿಯೂ ಸೇರಿ ಹಿಂದಿನ ಕೋಣೆಯ ಪೆಟ್ಟಿಗೆ, ಗಾಜು, ದೇವರ ಪಟ ಎಲ್ಲ ಹೊರಗೆ ತಂದೆವು. ಹಾಸಿಗೆ, ನೀರು, ಬಕೆಟ್ಟು ಇಟ್ಟೆವು. ಬಾಗಿಲ ಒಳಮೈಗೆ ಹಳೆಯ ಹಾಸಿಗೆಯ ಹತ್ತಿ ಕೂಡಿಸಿ ಹಲಗೆ ಬಿಗಿದೆವು. "ಅಕ್ಕಾ, ಕರೆದ್ರೆ ಬರ್ತಾನಾ?" ಎಂದ ಮೇಸ್ತ್ರಿ. ಕರೆದು ನೋಡೋಣ ಎಂದೆ.

ಕರೆಯುವ ಮೊದಲೇ ಅವನೇ ಬಂದ. ಹೆಂಡತಿಯ ಬಟ್ಟೆಯ ಗೂಡು ಖಾಲಿ ನೋಡಿದ್ದ. ಸಂಜೆಯ ಬಿಸಿಲು ಅಂಗಡಿಯೊಳಗೆ ಅಡ್ಡ ಬಿದ್ದಿತ್ತು. "ಎಲ್ಲಿ ಅವರು? ಎಲ್ಲಿ ಬಚ್ಚಿಟ್ಟಿದ್ದೀಯ?" ಎಂದು ನನ್ನ ಕುತ್ತಿಗೆ ಹಿಡಿದ. ಕೆಲಸದ ಮೇಜಿನ ಮೇಲೆ ಬೆನ್ನು ಮಣಿಸಿ ತಲೆಯನ್ನು ಹಲಗೆಗೆ ಜಜ್ಜಿದ. ಕಿವಿಯಲ್ಲಿ ಗಿರಣಿ ಓಡತೊಡಗಿತು. ಮೇಸ್ತ್ರಿ ಅವನ ಸೊಂಟ ಹಿಡಿದು ಎಳೆದ. ಮೊಣಕೈಯಿಂದ ಮೇಸ್ತ್ರಿಯ ಮೂಗು ಜಜ್ಜಿಹೋಯಿತು. ನನ್ನ ಮುಖದ ಹತ್ತಿರವೇ ಮಗನ ಮುಖ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ.

ಕೈಗೆ ಕೊಡತಿ ಸಿಕ್ಕಿತು, ಉಳಿಯ ತಲೆಗೆ ಹೊಡೆಯುವ ಮರದ ಸುತ್ತಿಗೆ. ಅದರಿಂದ ಅವನ ಕಿವಿಯ ಮೇಲೆ ಹೊಡೆದೆ. ಬಿಡಲಿಲ್ಲ. ಮತ್ತೆ ಅಲ್ಲಿಗೇ ಹೊಡೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮೂರನೆಯ ಏಟು ಮಂಡಿಗೆ. ಮಂಡಿ ಕುಸಿಯಿತು. ಇಬ್ಬರೂ ಅವನ ತೋಳು ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋದೆವು, ಮೇಸ್ತ್ರಿಯ ಮೂಗಿನ ರಕ್ತ, ಅವನ ಕಿವಿಯ ರಕ್ತ ಉದ್ದಕ್ಕೂ. ಒಳಗೆ ನೂಕಿ ಅಗುಳಿ ಹಾಕಿದೆ.

ಸ್ವಲ್ಪ ಹೊತ್ತಿಗೆ ಶುರುವಾಯಿತು. ಮೊದಲು ಬೈಗುಳ, ಹೆತ್ತ ತಾಯಿಗೆ ಯಾರೂ ಹೇಳದಂಥವು. ಆಮೇಲೆ ಒದೆತ. ಬಾಗಿಲ ಪಕ್ಕದ ಗೋಡೆಯ ಸುಣ್ಣ ಉದುರಿತು. ಆಮೇಲೆ ಅಳು. "ಅಮ್ಮಾ, ಕತ್ತಲೆ. ಅಮ್ಮಾ, ರಕ್ತ ನಿಲ್ತಿಲ್ಲ. ದೇವರಾಣೆ ಏನೂ ಮಾಡಲ್ಲ. ನಿನ್ನ ದೇವರಾಣೆ, ಅಮ್ಮಾ."

ಮೇಸ್ತ್ರಿ ನನ್ನನ್ನೇ ನೋಡಿದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ, ಸೊಸೆ ಕುಳಿತ ಹಾಗೆ, ಆದರೆ ಈ ಕಡೆಯಿಂದ. ಕಿರುಚಿ ಕಿರುಚಿ ಅವನ ದನಿ ಇಲ್ಲವಾದ ಮೇಲೆ ಅಜ್ಜನ ಕತೆ ಹೇಳಿದೆ. ಪದಕದಿಂದ ಹಿಡಿದು ಎಲ್ಲ. ಹಿಂದಿನಿಂದ ಮುಖ ಮುಚ್ಚುವುದನ್ನು ಹೇಳಿದಾಗ ಅವನು ಬಾಗಿಲ ಬುಡಕ್ಕೆ ತೆವಳಿ ಬಂದ ಸದ್ದಾಯಿತು. ಹಲ್ಲು ಬಿದ್ದ ಹುಡುಗನ ಕತೆಯನ್ನೂ ಹೇಳಿದೆ.

ಆಮೇಲೆ ನೆಲದ ಹತ್ತಿರದ ಸಂದಿನಿಂದ ಕೇಳಿದ, "ಪುಟ್ಟಿ ಹಣೆ ಏನಾಯ್ತು, ಅಮ್ಮಾ?"

"ಹೊಲಿಗೆ ಹಾಕಿದ್ದಾರೆ. ಗುರುತು ಉಳಿಯತ್ತೆ."

"ನಾನಾ?"

"ನೀನೇ."

ಆಮೇಲೆ ತಲೆ ಜಜ್ಜಿಕೊಳ್ಳುವ ಸದ್ದು. ಹತ್ತಿ ಕೂಡಿಸಿದ್ದು ಒಳ್ಳೆಯದಾಯಿತು.

ಜೂನ್ 20, ಶುಕ್ರವಾರ

ನಿನ್ನೆ ಬೆಳಗಾದ ಮೇಲೆ ಬಾಗಿಲು ತೆಗೆದೆ. ನಡೆದು ಹೊರಗೆ ಬಂದ. ಆಸ್ಪತ್ರೆಗೆ ಮೂವರೂ ಹೋದೆವು. ನನ್ನ ಕುತ್ತಿಗೆ, ಮೇಸ್ತ್ರಿಯ ಮೂಗು, ಅವನ ಕಿವಿ. ಏನಾಯಿತು ಎಂದು ಡಾಕ್ಟರಮ್ಮ ಕೇಳಿದರು. ಆದದ್ದನ್ನೇ ಹೇಳಿದೆ. ಸೊಸೆಯ ಏಣಿಯ ಮಾತು ಸುಳ್ಳು ಎಂದೂ ಹೇಳಿದೆ. ಅವರು ಬೇರೆ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕರೆತನ್ನಿ ಎಂದರು. ಪೊಲೀಸರಿಗೆ ಬರೆದು ಕಳಿಸಬೇಕಾಗುತ್ತದೆ ಎಂದರು. ಕಳಿಸಿ ಎಂದೆ. ಮಗ ತಲೆ ತಗ್ಗಿಸಿದ್ದ.

ದೇವರ ಪಟವನ್ನು ಅಡುಗೆಮನೆಯಲ್ಲಿ ಇಟ್ಟಿದ್ದೇನೆ. ಪದಕವನ್ನು ಮೊಳೆ ಡಬ್ಬಿಗೆ ಹಾಕಿದೆ. ಅಲ್ಲಿ ಧೂಳು ಕಡಿಮೆ.

ಜುಲೈ 19, ಶನಿವಾರ

ತಿಂಗಳಾಯಿತು ಬರೆದು. ಬರೆಯಲು ಹೊಸದೇನೂ ಇಲ್ಲ, ದಿನಾ ಒಂದೇ. ನಡುವೆ ಎರಡು ಸಲ ಒಳಗೆ ಹೋಗಲು ಒಪ್ಪದೆ ನನ್ನನ್ನು ತಳ್ಳಿ ಬೀಳಿಸಿದ. ಒಂದು ಸಲ ಬೀದಿಯವರನ್ನು ಕರೆದು ಹಾಕಿಸಬೇಕಾಯಿತು. ಜನ ಆಡಿಕೊಳ್ಳುತ್ತಾರೆ, ಹೆತ್ತ ಮಗನನ್ನು ಪಂಜರಕ್ಕೆ ಹಾಕಿದವಳು ಎಂದು. ಆಡಿಕೊಳ್ಳಲಿ. ಗಿರಾಕಿಗಳು ಈಗ ಅಗುಳಿ ನೋಡಿ ನಗುವುದಿಲ್ಲ.

ನಿನ್ನೆ ಸೊಸೆ ಫೋನ್ ಮಾಡಿದ್ದಳು. ಕೈಯ ಕಟ್ಟು ಬಿಚ್ಚಿದ್ದಾರೆ, ಹೊಲಿಗೆ ಕೆಲಸಕ್ಕೆ ಸೇರಿದ್ದಾಳೆ. ಬರಲೇ ಎಂದು ಅವಳು ಕೇಳಲಿಲ್ಲ, ಬಾ ಎಂದು ನಾನೂ ಹೇಳಲಿಲ್ಲ. ಪುಟ್ಟಿಗೆ ಮುಂದಿನ ಹಲ್ಲು ಅಲ್ಲಾಡುತ್ತಿದೆಯಂತೆ.

ಇವತ್ತು ಮಧ್ಯಾಹ್ನ ಅವನು ತಾನಾಗಿ ಉಳಿ ಮುಟ್ಟಿದ. ಮೇಸ್ತ್ರಿ ಉಸಿರು ಹಿಡಿದು ನಿಂತ. ಅಗುಳಿ ಬಾಗಿಲ ಚೌಕಟ್ಟಿಗೆ ಕೂರುವ ಕಡೆ ಸ್ವಲ್ಪ ಸಡಿಲಾಗಿತ್ತು, ಒಳಗಿನಿಂದ ಗುದ್ದಿ ಗುದ್ದಿ. ಅವನು ಆ ಗೂಡನ್ನು ಕೆತ್ತಿ ಆಳ ಮಾಡಿದ, ಅಗುಳಿ ಜಾರಿಸಿ ನೋಡಿದ, ಮತ್ತೆ ಕೆತ್ತಿದ. "ಈಗ ಅಲ್ಲಾಡಲ್ಲ," ಎಂದ. ಉಳಿಯನ್ನು ಹಿಡಿಯ ಕಡೆಯಿಂದ ಮೇಸ್ತ್ರಿಯ ಕೈಗೆ ಕೊಟ್ಟ.

ಹೊತ್ತು ಇಳಿಯುವ ಮುಂಚೆ ಊಟ ಮಾಡಿದ, ಮಾತ್ರೆ ನುಂಗಿದ, ಒಳಗೆ ಹೋದ. "ಹಾಕಮ್ಮ," ಎಂದ. ಹಾಕಿದೆ.

ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಶುರುವಾಗಿದೆ. ಪ್ರತಿ ಗುದ್ದಿಗೂ ಅಕ್ಷರ ಸೊಟ್ಟಗಾಗುತ್ತಿದೆ. ದೇವರ ಹೆಸರು ಹೇಳಿ ಕೂಗುತ್ತಿದ್ದಾನೆ, ತೆಗಿ ಅನ್ನುತ್ತಿದ್ದಾನೆ. ದೇವರು ಒಳಗೇ ಇರಲಿ, ಅವನ ಹತ್ತಿರ. ಹೊರಗೆ ನಾನಿದ್ದೇನೆ.